ಏಳಕ್ಕೆ ಬಂದ ಜ್ವರ ಒಂಬತ್ತಕ್ಕೆ ಬಿಟ್ಟಿತು

2024ರ ಮೇ 7ರ ರಾತ್ರಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿಗೆ ಒಂದು ವಿಚಿತ್ರ ಕಾಯಿಲೆ ತಗುಲಿತು. ಬೇರೆ ಬೇರೆ ಊರಿನಲ್ಲಿದ್ದ ಇನ್ನೂರಕ್ಕೂ ಹೆಚ್ಚು ಮಂದಿ ಡ್ಯೂಟಿಗೆ ಹೊರಡಬೇಕಾದ ಹೊತ್ತಿಗೇ "ಮೈಗೆ ಹುಷಾರಿಲ್ಲ" ಎಂದರು. ಎಂಬತ್ತಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಕಂಪನಿ ಮೊದಲು ಪ್ರಯೋಗಿಸಿದ ಔಷಧಿ ವಜಾಪತ್ರ, ಸುಮಾರು 25 ಜನರಿಗೆ. ಮೇ 9ರಂದು ದೆಹಲಿಯಲ್ಲಿ ಕೇಂದ್ರದ ಕಾರ್ಮಿಕ ಅಧಿಕಾರಿಗಳ ಮುಂದೆ ಎರಡೂ ಕಡೆಯವರು ಕೂತರು. ವಜಾಪತ್ರ ವಾಪಸಾಯಿತು, ಕಾಯಿಲೆಯೂ ವಾಪಸಾಯಿತು. ಸ್ಟೆತೊಸ್ಕೋಪ್ ಹಿಡಿಯದ ಅಧಿಕಾರಿಗಳು ಒಂದೇ ಸಿಟ್ಟಿಂಗಿನಲ್ಲಿ ಇಷ್ಟು ಜನರನ್ನು ಗುಣಪಡಿಸಿದ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಇನ್ನೊಂದಿರಲಾರದು.

ಈ ಎರಡು ದಿನಗಳಲ್ಲಿ ದೇಶದ ತುಂಬ ಡಾಕ್ಟರುಗಳು ಹುಟ್ಟಿಕೊಂಡರು. ರೋಗಿಯ ಮುಖ ನೋಡದೆ, ನಾಡಿ ಹಿಡಿಯದೆ, "ನಾಟಕ" ಎಂದು ರೋಗನಿರ್ಣಯ ಮಾಡಿದರು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮ್ಯಾನೇಜರಿಗೆ "ವೈರಲ್ ಫೀವರ್, ಮನೆಯಿಂದಲೇ ಮೇಲ್ ನೋಡುತ್ತಿರುತ್ತೇನೆ" ಎಂದು ಮೆಸೇಜು ಹಾಕಿ, ಹತ್ತಕ್ಕೆ ನಂದಿಬೆಟ್ಟದಿಂದ ಇಳಿಯುತ್ತಾ ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನುವ ನಮ್ಮ ಬೆಂಗಳೂರಿನ ಟೆಕ್ಕಿಗಂತೂ ಈ ಸುಳ್ಳು ಜ್ವರ ನೋಡಿ ರಕ್ತ ಕುದಿಯಿತು. ವೃತ್ತಿಮಾತ್ಸರ್ಯ ಇರಬಹುದು.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದಾರೆ. ಪ್ರಾಯದಲ್ಲಿ ಯೂನಿಯನ್ನಿನ ದೊಡ್ಡ ಗಂಟಲು. ಇವತ್ತಿಗೂ ಅವರ ಪಿಂಚಣಿಯ ಅರ್ಧದಷ್ಟು ಆಗಿನ ಘೋಷಣೆಗಳ ಫಲ. ಅವರು ವಾಕಿಂಗ್ ನಿಲ್ಲಿಸಿ ಹೇಳಿದ್ದು: "ಇವರನ್ನೆಲ್ಲ ಒದ್ದು ಮನೆಗೆ ಕಳಿಸಬೇಕು ಕಣ್ರೀ. ಟ್ರಾಲಿ ತಳ್ಳೋದಕ್ಕೆ ಇಷ್ಟು ಗತ್ತಾ?" ತಮ್ಮ ಕಾಲದ ಮುಷ್ಕರದ ಬಗ್ಗೆ ಕೇಳಿದರೆ, ಅದು ಹೋರಾಟ, ಇದು ಬ್ಲ್ಯಾಕ್‌ಮೇಲ್. ವ್ಯತ್ಯಾಸ ಸರಳವಾಗಿದೆ: ಅವತ್ತು ಅವರು ಕೌಂಟರಿನ ಒಳಗಿದ್ದರು, ಇವತ್ತು ಹೊರಗಿದ್ದಾರೆ.

ಕಣ್ಣೂರು, ಕೊಚ್ಚಿ, ತಿರುವನಂತಪುರದ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದವರ ಮಾತು ಬೇರೆ. ರಜೆ ಮುಗಿಸಿ ಗಲ್ಫಿಗೆ ಹೊರಟಿದ್ದವನ ವೀಸಾದ ಅವಧಿ ನಾಳೆಗೆ ಮುಗಿಯುತ್ತದೆ ಎಂದರೆ ಅವನು ಯಾರನ್ನು ಬೈದರೂ ಕೇಳಿಸಿಕೊಳ್ಳಬೇಕು. ಮಂಗಳೂರಿನಿಂದ ದುಬೈ, ಅಬುಧಾಬಿಗೆ ಇದೇ ವಿಮಾನ ಹತ್ತುವ ನಮ್ಮ ಕರಾವಳಿಯವರಿಗೆ ಆ ಸಂಕಟ ವಿವರಿಸಬೇಕಾಗಿಲ್ಲ. ಆದರೆ ಗಂಟಲು ಹರಿದುಕೊಂಡವರಲ್ಲಿ ಹೆಚ್ಚಿನವರ ಬಳಿ ಆ ವಾರ ಬಸ್ ಟಿಕೆಟ್ಟೂ ಇರಲಿಲ್ಲ.

ಅಷ್ಟಕ್ಕೂ ಇವರು ನೇರವಾಗಿ ಮುಷ್ಕರ ಹೂಡಬಾರದಿತ್ತೇ? ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ವಿಮಾನಯಾನ ಸಾರ್ವಜನಿಕ ಉಪಯುಕ್ತ ಸೇವೆಯಾಗಿತ್ತು. ಮುಂಚಿತವಾಗಿ ನೋಟಿಸು ಕೊಡಬೇಕಿತ್ತು, ಕೊಟ್ಟು 14 ದಿನ ಕಾಯಬೇಕಿತ್ತು. ಅಷ್ಟರಲ್ಲಿ ಸಂಧಾನ ಶುರುವಾದರೆ, ಅದು ಮುಗಿಯುವ ತನಕ ಮುಷ್ಕರ ಕಾನೂನುಬಾಹಿರವಾಗುತ್ತಿತ್ತು. ಸಂಧಾನ ಯಾವಾಗ ಮುಗಿಯುತ್ತದೆ? ಅದು ಸಂಧಾನಕ್ಕೇ ಗೊತ್ತಿಲ್ಲ. ಎಕ್ಸ್‌ಪ್ರೆಸ್‌ ಸಿಬ್ಬಂದಿಯ ಅಹವಾಲಿನಲ್ಲಿ ಹುರುಳಿದೆ ಎಂದು ದೆಹಲಿಯ ಪ್ರಾದೇಶಿಕ ಕಾರ್ಮಿಕ ಆಯುಕ್ತರು ಮೊದಲೇ ಟಾಟಾದ ಮೇಲಿನವರಿಗೆ ಪತ್ರ ಬರೆದಿದ್ದರು. ಪತ್ರಕ್ಕೆ ಏನಾಯಿತೆಂದು ಯಾರೂ ಕೇಳಲಿಲ್ಲ, ಅದಕ್ಕೇನು ಜ್ವರ ಬಂದಿರಲಿಲ್ಲವಲ್ಲ. ಮೂಗು ಹಿಡಿದರೆ ತಾನೇ ಬಾಯಿ ತೆರೆಯುವುದು.

ಈ ಸೋಂಕು ಹಳೆಯದು ಕೂಡ. 2009ರ ಸೆಪ್ಟೆಂಬರಿನಲ್ಲಿ ಜೆಟ್ ಏರ್‌ವೇಸ್ ಪೈಲಟ್‌ಗಳಿಗೆ ಬಂದಿತ್ತು. 2022ರ ಜುಲೈ 2ರಂದು ಇಂಡಿಗೋದ ಅರ್ಧಕ್ಕೂ ಹೆಚ್ಚು ದೇಶೀಯ ವಿಮಾನಗಳು ತಡವಾದವು. ಸಿಬ್ಬಂದಿ ಹಾಸಿಗೆ ಹಿಡಿದಿದ್ದರು ಅಂತ ನೀವು ಮರುಗುವ ಮೊದಲೇ, ಏರ್ ಇಂಡಿಯಾದ ನೇಮಕಾತಿ ಸಂದರ್ಶನಕ್ಕೆ ಹೋಗಿದ್ದರು ಎಂದು ಪತ್ರಿಕೆಗಳು ಬರೆದವು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಬಯೋಡೇಟಾ ಹಿಡಿದು ಸಾಲಿನಲ್ಲಿ ನಿಂತರೆ ಇಳಿಯುವ ಜ್ವರ ಅದು.

ಇನ್ನು 2025ರ ಡಿಸೆಂಬರಿಗೆ ಬನ್ನಿ. ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡಬೇಕೆಂಬ ನಿಯಮ ಬರುತ್ತದೆಂದು ಬಹಳ ಮುಂಚೆಯೇ ಗೊತ್ತಿದ್ದರೂ ಇಂಡಿಗೋ ತಯಾರಾಗಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಇಲ್ಲಿ ಯಾರಿಗೂ ನೆಗಡಿಯೂ ಆಗಿರಲಿಲ್ಲ. ಆದರೂ ಇದನ್ನು ಬ್ಲ್ಯಾಕ್‌ಮೇಲ್ ಅನ್ನುವಂತಿಲ್ಲ, "ಕಾರ್ಯಾಚರಣೆಯ ಕಾರಣ" ಅನ್ನಬೇಕು. ಜನ ಸಿಟ್ಟಾದರು, ನಿಜ. ಆ ಸಿಟ್ಟು ಹೋಗಿ ಬಿದ್ದದ್ದು ಮಾತ್ರ ಕೌಂಟರಿನ ಹಿಂದೆ ನಿಂತ ಇಪ್ಪತ್ತಮೂರರ ಹುಡುಗಿಯ ಮೇಲೆ. ಅವಳಿಗೂ ವಿಮಾನ ಎಲ್ಲಿದೆಯೆಂದು ಅದೇ ಬೋರ್ಡು ನೋಡಿಯೇ ತಿಳಿಯಬೇಕಿತ್ತು. ಕೊನೆಗೆ ಸರ್ಕಾರ ಕಂಡುಕೊಂಡ ಪರಿಹಾರ? ವಿಶ್ರಾಂತಿಯ ನಿಯಮಗಳಿಂದಲೇ ಕಂಪನಿಗೆ ತಾತ್ಕಾಲಿಕ ವಿನಾಯಿತಿ. ನಿದ್ದೆ ಕೇಳಿದವರಿಗೆ ಜೋಗುಳ ಕೂಡ ಇಲ್ಲ.

ಅದಕ್ಕೆ ಸ್ವಲ್ಪ ದಿನ ಮೊದಲು, ನವೆಂಬರ್ 21ರಂದು, ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದವು. ಕೈಗಾರಿಕಾ ಸಂಬಂಧಗಳ ಸಂಹಿತೆ ಈ ರೋಗದ ಮೂಲಕ್ಕೇ ಕೈಹಾಕಿದೆ. ಒಂದು ಉದ್ಯಮದ ಶೇ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಕ್ಯಾಶುವಲ್ ಲೀವ್ ಹಾಕಿದರೆ ಅದೂ ಮುಷ್ಕರವೇ. ಅಂದರೆ ಶೇ 49ರವರೆಗೆ ಸೊಸೆಯ ಸೀಮಂತ, ಶೇ 50ಕ್ಕೆ ಕ್ರಾಂತಿ. ಸಿಕ್ ಲೀವಿನ ಹೆಸರನ್ನು ಆ ವ್ಯಾಖ್ಯೆಯಲ್ಲಿ ಎತ್ತಿಲ್ಲ. ಯೂನಿಯನ್ನುಗಳು ಈಗ ಕರಪತ್ರ ಅಚ್ಚು ಹಾಕಿಸುವ ಬದಲು ಒಬ್ಬ ಒಳ್ಳೆಯ ಲೆಕ್ಕಿಗನನ್ನೂ ಒಬ್ಬ ಉದಾರಿ ಎಂಬಿಬಿಎಸ್‌ನನ್ನೂ ನೇಮಿಸಿಕೊಳ್ಳುವುದು ಲೇಸು. ನಮ್ಮ ಬ್ಯಾಂಕ್ ಅಧಿಕಾರಿಗಳು ಮೊದಲನೆಯ ಹುದ್ದೆಗೆ ಅರ್ಜಿ ಹಾಕಬಹುದು, ಅನುಭವ ಇದೆ.