ಶಾಸಕರ ಕೋವಿಯೂ ಬಾಗಿಲಾಚೆಗೇ ಇರಲಿ

ಸೆನೆಟ್ ಸಭಾಂಗಣದಲ್ಲಿ ಸದಸ್ಯರು ಕೂತಿದ್ದಾರೆ. ಅವರ ತಲೆಯ ಮೇಲಿನ ಗ್ಯಾಲರಿಯಲ್ಲಿ ರೈಫಲ್ ಹಿಡಿದವರು ನಿಂತು ಕೆಳಗೆ ನೋಡುತ್ತಿದ್ದಾರೆ. ಇದು ನಡೆದಿದ್ದು 2020ರ ಏಪ್ರಿಲ್ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ. ಕೊರೊನಾ ಲಾಕ್‌ಡೌನ್ ವಿರೋಧಿಸಿ ಬಂದವರಲ್ಲಿ ಕೆಲವರು ಕೋವಿ ಸಮೇತ ಶಾಸನಸಭೆಯ ಕಟ್ಟಡದೊಳಗೆ ಬಂದಿದ್ದರು. ಡೇಯ್ನಾ ಪೊಲೆಹಾಂಕಿ ಎಂಬ ಸೆನೆಟರ್ ಆ ಫೋಟೊವನ್ನು ಟ್ವಿಟ್ಟರ್‌ಗೆ ಹಾಕಿದರು. ಬುಲೆಟ್‌ಪ್ರೂಫ್ ಜಾಕೆಟ್ ಇರುವ ಕೆಲವು ಸಹೋದ್ಯೋಗಿಗಳು ಅದನ್ನು ತೊಟ್ಟು ಕೂತಿದ್ದಾರೆ ಎಂದೂ ಬರೆದರು.

ಕೋವಿ ತಂದದ್ದರಲ್ಲಿ ಯಾರೂ ಕಾನೂನು ಮುರಿದಿರಲಿಲ್ಲ. ಗೋಡೆ ಹಾಳಾಗುತ್ತದೆಂದು ಆ ಕಟ್ಟಡದೊಳಗೆ ಪ್ರತಿಭಟನೆಯ ಬೋರ್ಡ್ ತರುವಂತಿರಲಿಲ್ಲ. ಕೋವಿ ಮಾತ್ರ ರಾಜಾರೋಷವಾಗಿ ತರಬಹುದಿತ್ತು.

"ಅವತ್ತು ಒಂದು ಗುಂಡೂ ಹಾರಲಿಲ್ಲವಲ್ಲ, ಮತ್ತೇನು ತಕರಾರು?" ಎಂದು ಕೇಳುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಗುಂಡು ಹಾರಬೇಕೆಂದೇನಿಲ್ಲ. ಮಸೂದೆಗೆ ಹೌದು ಅನ್ನಬೇಕೋ ಬೇಡವೋ ಎಂದು ಯೋಚಿಸುವಾಗ, ಮೇಲೆ ನಿಂತವನ ಕೈಯಲ್ಲಿ ಏನಿದೆ ಎಂಬುದೂ ಲೆಕ್ಕಕ್ಕೆ ಬಂತು ಎಂದಾದರೆ ಅಲ್ಲಿಗೆ ಮುಗಿಯಿತು. ಒಂದೇ ವಾರದಲ್ಲಿ ಸಾರಾ ಆಂಟನಿ ಎಂಬ ಕಪ್ಪು ಜನಾಂಗದ ಶಾಸಕಿಯನ್ನು ಅದೇ ಕಟ್ಟಡಕ್ಕೆ ಕರೆತರಲು ಕೋವಿ ಹಿಡಿದ ಕಪ್ಪು ನಾಗರಿಕರು ಜೊತೆಗೆ ಬಂದರು. ಅವರನ್ನು ನಾನು ದೂರುವುದಿಲ್ಲ. ಆದರೆ ಒಂದು ಕಡೆಯವರು ಕೋವಿ ತಂದರೆ ಇನ್ನೊಂದು ಕಡೆಯವರೂ ತರುತ್ತಾರೆ. ಕೊನೆಗೆ ಕೋವಿ ಇಲ್ಲದವರು ಆ ಕಡೆ ತಲೆ ಹಾಕುವುದನ್ನೇ ಬಿಡುತ್ತಾರೆ.

ಕೋವಿ ಎಂದರೆ ಮೂಗು ಮುರಿಯುವ ಪೈಕಿ ನಾನಲ್ಲ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಗುಂಡು ಹಾರಿಸುವ ಸಂಪ್ರದಾಯವಿದೆ. ಕೊಡವರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸ್ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅಷ್ಟು ಪ್ರೀತಿಯ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಯಾರಾದರೂ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಲು ಹೋಗುತ್ತಾರಾ? ಕೋವಿಯ ಮೇಲಿನ ಗೌರವ ಬೇರೆ, ಅದನ್ನು ಎಲ್ಲಿಗೆ ಒಯ್ಯಬೇಕು ಎಂಬ ವಿವೇಕ ಬೇರೆ.

ಇಲ್ಲಿ ತಕ್ಷಣ, ಆಯುಧ ಇಟ್ಟುಕೊಳ್ಳುವ ಹಕ್ಕು ಕೊಡುವ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿಯ ಮಾತು ಬರುತ್ತದೆ. ಆದರೆ ಕೋವಿ ಹಕ್ಕಿನ ಪರವಾಗಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ದೊಡ್ಡ ತೀರ್ಪುಗಳೇ ಈ ವಿಷಯದಲ್ಲಿ ಸ್ಪಷ್ಟವಾಗಿವೆ. 2008ರ ಹೆಲ್ಲರ್ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ಶಾಲೆ ಮತ್ತು ಸರ್ಕಾರಿ ಕಟ್ಟಡಗಳಂಥ ಸೂಕ್ಷ್ಮ ಜಾಗಗಳಲ್ಲಿನ ನಿಷೇಧವನ್ನು ತಾವು ಪ್ರಶ್ನಿಸುತ್ತಿಲ್ಲ ಎಂದರು. 2022ರ ಬ್ರೂಯೆನ್ ತೀರ್ಪಿನಲ್ಲಿ ನ್ಯಾಯಮೂರ್ತಿ ಥಾಮಸ್ ಶಾಸನಸಭೆ, ಮತಗಟ್ಟೆ, ನ್ಯಾಯಾಲಯಗಳನ್ನು ಹೆಸರಿಸಿಯೇ ಅದೇ ಮಾತು ಹೇಳಿದರು. ಇಬ್ಬರೂ ಕೋವಿ ವಿರೋಧಿಗಳಲ್ಲ.

ನಿಷೇಧ ಬೇಡ ಎನ್ನುವವರ ಒಂದು ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. ಬರೀ "ಕೋವಿ ನಿಷೇಧ" ಎಂದು ಬೋರ್ಡ್ ಹಾಕಿದರೆ ಕೊಲೆಗಾರ ನಿಲ್ಲುವುದಿಲ್ಲ. 2019ರ ಮೇ 31ರಂದು ವರ್ಜೀನಿಯಾ ಬೀಚ್ ನಗರಾಡಳಿತದ ಕಟ್ಟಡದಲ್ಲಿ 12 ಜನರ ಹತ್ಯೆಯಾಯಿತು. ಕೊಂದವನು ಅಲ್ಲೇ ಕೆಲಸ ಮಾಡುತ್ತಿದ್ದ ಎಂಜಿನಿಯರ್. ನೌಕರರು ಕೆಲಸಕ್ಕೆ ಆಯುಧ ತರಬಾರದು ಎಂಬ ನಿಯಮ ಅಲ್ಲಿತ್ತು. ನಿಯಮ ಪಾಲಿಸಿದವರು ಬರಿಗೈಯಲ್ಲಿದ್ದರು. ಆ ಮನೆಗಳವರ ಮುಂದೆ ನಿಂತು "ನಿಯಮ ಇತ್ತಲ್ಲ" ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕಾನ್ಸಾಸ್ ರಾಜ್ಯ 2013ರಲ್ಲಿ ಒಂದು ಕಾನೂನು ಮಾಡಿತು. ಸರ್ಕಾರಿ ಕಟ್ಟಡದಲ್ಲಿ ಕೋವಿ ಬೇಡವೆಂದರೆ ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಮತ್ತು ಕಾವಲು ಇಡಿ, ಇಲ್ಲವಾದರೆ ಲೈಸೆನ್ಸ್ ಇದ್ದವರನ್ನು ತಡೆಯಬೇಡಿ ಎಂದು. ಆ ಕಾನೂನಿನ ಉದ್ದೇಶ ನನಗೆ ಹಿಡಿಸುವುದಿಲ್ಲ. ಆದರೆ ತಪಾಸಣೆ ಇಲ್ಲದ ನಿಷೇಧ ಸುಮ್ನೆ ಎಂಬ ಅರ್ಧ ಮಾತು ಸರಿ.

ತಪಾಸಣೆ ಇದ್ದರೂ ಎಲ್ಲಿ ತೂತು ಬೀಳುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ಸಿಟಿ ಹಾಲ್ ನೋಡಿ. 2003ರ ಜುಲೈ 23. ಜೇಮ್ಸ್ ಡೇವಿಸ್ ಎಂಬ ಕೌನ್ಸಿಲ್ ಸದಸ್ಯರು ತಮ್ಮ ಚುನಾವಣಾ ಎದುರಾಳಿ ಆಗಹೊರಟಿದ್ದ ಒಬ್ಬನನ್ನು ಜೊತೆಗೆ ಕರೆತಂದರು. ಸದಸ್ಯರು ಮೆಟಲ್ ಡಿಟೆಕ್ಟರ್ ದಾಟಬೇಕಿರಲಿಲ್ಲ, ಅವರ ಜೊತೆ ಬಂದವನನ್ನೂ ಹಾಗೇ ಬಿಟ್ಟರು. ಸ್ವಲ್ಪ ಹೊತ್ತಿಗೆ ಸಭಾಂಗಣದ ಬಾಲ್ಕನಿಯಲ್ಲಿ ಅವನು ಡೇವಿಸ್ ಮೇಲೆ ಗುಂಡು ಹಾರಿಸಿದ. ಡೇವಿಸ್ ಮಾಜಿ ಪೊಲೀಸ್. ಅವತ್ತೂ ಲೈಸೆನ್ಸ್ ಇದ್ದ ಪಿಸ್ತೂಲ್ ಅವರ ಮೈಮೇಲೇ ಇತ್ತು. ಅದನ್ನು ಹೊರತೆಗೆಯಲೂ ಆಗಲಿಲ್ಲ. ಊರಿನ ಹಿಂಸೆ ನಿಲ್ಲಲಿ ಎಂದು ವರ್ಷಗಟ್ಟಲೆ ಓಡಾಡಿದ ಮನುಷ್ಯ ಅವರು. ಕೆಳಗಿದ್ದ ಪೊಲೀಸ್ ಅಧಿಕಾರಿ ಕೊಲೆಗಾರನನ್ನು ಹೊಡೆದುರುಳಿಸಿದರು. ಆಮೇಲೆ ಮೇಯರ್ ಬ್ಲೂಮ್‌ಬರ್ಗ್ ಎಲ್ಲರಿಗೂ ತಪಾಸಣೆ ಕಡ್ಡಾಯ ಮಾಡಿದರು.

1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲ್‌ನಲ್ಲಿ ಮೇಯರ್ ಮಾಸ್ಕೋನಿ ಮತ್ತು ನಗರ ಮಂಡಳಿ ಸದಸ್ಯ ಹಾರ್ವಿ ಮಿಲ್ಕ್ ಅವರನ್ನು ಕೊಂದ ಡ್ಯಾನ್ ವೈಟ್ ಕೂಡ ಮಾಜಿ ಪೊಲೀಸ್, ಅದೇ ಮಂಡಳಿಯ ಮಾಜಿ ಸದಸ್ಯ. ಮೆಟಲ್ ಡಿಟೆಕ್ಟರ್ ತಪ್ಪಿಸಲು ನೆಲಮಾಳಿಗೆಯ ಕಿಟಕಿಯಿಂದ ಒಳಗೆ ಬಂದಿದ್ದ. ಮೂರೂ ಕಡೆ ಗಮನಿಸಿ. ಒಬ್ಬ ನೌಕರ, ಒಬ್ಬ ಸದಸ್ಯರ ಜೊತೆಗೆ ಬಂದವ, ಒಬ್ಬ ಹಳೆಯ ಸದಸ್ಯ. ಎಲ್ಲಿಂದಲೋ ಬಂದ ಅಪರಿಚಿತರಲ್ಲ. "ಇವರು ನಮ್ಮವರೇ, ಬಿಡಿ" ಅನ್ನಬಹುದಾದವರು.

ಅದಕ್ಕೇ ಮಿಷಿಗನ್ ಬಗ್ಗೆ ನನ್ನ ತಕರಾರು ಇನ್ನೂ ಮುಗಿದಿಲ್ಲ. ಅಲ್ಲಿನ ಶಾಸನಸಭೆಯ ಕಟ್ಟಡ ನೋಡಿಕೊಳ್ಳುವ ಕ್ಯಾಪಿಟಲ್ ಆಯೋಗ 2021ರ ಜನವರಿಯಲ್ಲಿ, ವಾಷಿಂಗ್ಟನ್‌ನ ಸಂಸತ್ ಭವನದ ಮೇಲಿನ ದಾಳಿಯ ಬೆನ್ನಿಗೇ, ಕೋವಿ ಎದ್ದು ಕಾಣುವಂತೆ ಒಳಗೆ ತರುವುದನ್ನು ನಿಷೇಧಿಸಿತು. ಬಟ್ಟೆಯೊಳಗೆ ಮುಚ್ಚಿಟ್ಟು ತರುವುದಕ್ಕೆ ತಡೆ ಬಂದದ್ದು 2023ರಲ್ಲಿ. ಅದರಲ್ಲೂ ಪರ್ಮಿಟ್ ಇರುವ ಶಾಸಕರಿಗೆ ವಿನಾಯಿತಿ ಕೊಟ್ಟಿತು. ಏಕೆ? ಸಿಟ್ಟು ನೆತ್ತಿಗೇರುವ ಚರ್ಚೆ ನಡೆಯುವುದು ಅವರ ನಡುವೆಯೇ ಅಲ್ವಾ? ಕಾವಲಿಗೆ ಪೊಲೀಸರಿದ್ದಾರೆ. ಪಿಸ್ತೂಲ್ ಇಡಲು ಬಾಗಿಲ ಬಳಿ ಬೀಗದ ಪೆಟ್ಟಿಗೆ ಕೊಟ್ಟರೆ ಆಯಿತು.

ಈ ನಿಯಮ ಮಾಡಿದ್ದು ಆಯೋಗ, ಶಾಸನಸಭೆಯಲ್ಲ. ಬದಲಿಸಲು ಹೊಸ ಕಾನೂನು ಬೇಕಿಲ್ಲ, ಆಯೋಗದ ಒಂದು ತೀರ್ಮಾನ ಸಾಕು. ಡೆಟ್ರಾಯಿಟ್, ಆನ್ ಆರ್ಬರ್ ಕಡೆ ಇರುವ ಕನ್ನಡಿಗ ಗೆಳೆಯರು ದಯವಿಟ್ಟು ಆಯೋಗಕ್ಕೆ ಒಂದು ಪತ್ರ ಬರೆಯಿರಿ. ಅಲ್ಲಿಗೆ ಶಾಲಾ ಪ್ರವಾಸಕ್ಕೆ ಹೋಗುವುದು ನಿಮ್ಮ ಮಕ್ಕಳೂ ಹೌದು.