ಅಂಬೆಗಾಲಿಗೂ ರ‍್ಯಾಂಕ್ ಕೊಡಬೇಡಿ

ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ನಾಲ್ಕು ಜನರಿರುವ ಕಡೆ ಹೋದರೆ ಈ ಮಾತು ತಪ್ಪಿದ್ದಲ್ಲ: "ಇನ್ನೂ ನಿಲ್ಲಲ್ವಾ? ನಮ್ಮವನು ಒಂಬತ್ತಕ್ಕೇ ನಡೆದುಬಿಟ್ಟಿದ್ದ." ಹೇಳಿದವರು ಹೇಳಿ ಮರೆತುಬಿಡುತ್ತಾರೆ. ಕೇಳಿಸಿಕೊಂಡ ತಾಯಿ ಮಾತ್ರ ರಾತ್ರಿಯೆಲ್ಲಾ ಮೊಬೈಲ್ ಹಿಡಿದು ಹುಡುಕುತ್ತಾ ಕೂರುತ್ತಾಳೆ. ನನಗಂತೂ ಈ ಪೈಪೋಟಿ ಸುತಾರಾಂ ಹಿಡಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಆಸರೆ ಇಲ್ಲದೆ ಕೂರುವುದಕ್ಕೆ 3.8ರಿಂದ 9.2 ತಿಂಗಳು. ತಾನಾಗಿ ನಡೆಯುವುದಕ್ಕೆ 8.2ರಿಂದ 17.6 ತಿಂಗಳು. ಮೊದಲು ನಡೆದ ಕೂಸಿಗೂ ಕೊನೆಗೆ ನಡೆದ ಕೂಸಿಗೂ ನಡುವೆ ಒಂಬತ್ತು ತಿಂಗಳಿಗೂ ಮೀರಿದ ಅಂತರ, ಆದರೂ ಇಬ್ಬರೂ ಗಟ್ಟಿಮುಟ್ಟು! ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಡುವ ಗೋಜಿಗೇ ಹೋಗಲಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಹುಟ್ಟಬೇಕಿದ್ದ ದಿನದಿಂದ ವಯಸ್ಸು ಎಣಿಸಬೇಕು. ಇದನ್ನು ಮರೆತೇ ಎಷ್ಟೋ ಮನೆಗಳು ಸುಮ್ಮನೆ ಹೆದರುತ್ತವೆ.

ನನ್ನನ್ನು ಬೆರಗಾಗಿಸಿದ್ದು ಇನ್ನೊಂದು ಸಂಗತಿ. ಆಗಷ್ಟೇ ಹುಟ್ಟಿದ ಕೂಸನ್ನು ಕಂಕುಳಲ್ಲಿ ಹಿಡಿದೆತ್ತಿ ಪಾದ ನೆಲಕ್ಕೆ ತಾಗಿಸಿದರೆ ಅದು ಒಂದಾದ ಮೇಲೊಂದು ಕಾಲೆತ್ತಿ ಹೆಜ್ಜೆ ಹಾಕುತ್ತದೆ. ಎರಡು ತಿಂಗಳ ಹೊತ್ತಿಗೆ ಅದು ಮಾಯ. ಮಿದುಳು ಬಲಿತು ಆ ಚಲನೆಯನ್ನು ಅದುಮಿಬಿಡುತ್ತದೆ ಎಂದೇ ಬಹುಕಾಲ ನಂಬಿದ್ದರು. ಎಸ್ತರ್ ಥೆಲೆನ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 1984ರಲ್ಲಿ ಎಳೆಗೂಸುಗಳನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ನೋಡಿದರು. ಹೆಜ್ಜೆಗಳು ಹೆಚ್ಚಾದವು! ಕಾಲಿಗೆ ಪುಟ್ಟ ತೂಕ ಕಟ್ಟಿದಾಗ ಕಡಿಮೆಯಾದವು. ಕೊಬ್ಬು ತುಂಬಿ ಕಾಲು ಭಾರವಾಗಿರುತ್ತದೆ, ಅದನ್ನು ಎತ್ತುವಷ್ಟು ಸ್ನಾಯು ಇನ್ನೂ ಬಲಿತಿರುವುದಿಲ್ಲ, ಅಷ್ಟೇ. ಗುಂಡುಗುಂಡಾದ ತೊಡೆ ನೋಡಿ ಖುಷಿಪಡುವವರೇ "ಯಾಕೆ ಇನ್ನೂ ಕಾಲೂರಲ್ಲ?" ಅಂತಲೂ ಕೇಳುತ್ತಾರಲ್ಲ, ಅವರಿಗೆ ಇದನ್ನು ಹೇಳಬೇಕು.

ಬೀಳುವುದರ ಬಗ್ಗೆಯೂ ನಮಗೆ ಅತಿಯಾದ ಗಾಬರಿ. ಮನೋವಿಜ್ಞಾನಿ ಕ್ಯಾರೆನ್ ಅಡಾಲ್ಫ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12ರಿಂದ 19 ತಿಂಗಳ ಮಕ್ಕಳು ತಮ್ಮಷ್ಟಕ್ಕೆ ಆಡಿಕೊಂಡಿದ್ದಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟು 17 ಸಲ ಬಿದ್ದಿದ್ದರು. ನಾವಾಗಿದ್ದರೆ ಮಧ್ಯಾಹ್ನದೊಳಗೆ ಕೈಬಿಡುತ್ತಿದ್ದೆವು. ಇನ್ನೂ ಸೋಜಿಗವೆಂದರೆ, ವಾರಗಟ್ಟಲೆ ಅಂಬೆಗಾಲಿಟ್ಟು ಅಂಚು ಕಂಡರೆ ಗಕ್ಕನೆ ನಿಲ್ಲಲು ಕಲಿತ ಮಗು, ನಡೆಯಲು ಶುರುಮಾಡಿದ ಹೊಸದರಲ್ಲಿ ಅದೇ ಅಂಚಿನಿಂದ ನೇರ ಕಾಲು ಹೊರಗಿಟ್ಟುಬಿಡುತ್ತದೆ. ಎದ್ದು ನಿಂತ ಮೈಗೆ ನೆಲದ ಪಾಠ ಮತ್ತೆ ಮೊದಲಿನಿಂದ. ಹಾಗಾಗಿ "ಇವಳಿಗೆ ಮಂಚದ ಅಂಚು ಗೊತ್ತು" ಎಂದು ಯಾರೂ ನೆಮ್ಮದಿಯಾಗಿ ಅಡುಗೆಮನೆಗೆ ಹೋಗಬೇಡಿ.

ವಾಕರ್ ವಿಷಯಕ್ಕೆ ಬರುತ್ತೇನೆ. ಅದರೊಳಗೆ ಕೂರಿಸಿದರೆ ಬೇಗ ನಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದರಲ್ಲಿ ಮಗು ತೇಲುತ್ತಾ ತುದಿಗಾಲಲ್ಲಿ ತಳ್ಳಿಕೊಳ್ಳುತ್ತದೆಯೇ ಹೊರತು ತನ್ನ ಭಾರ ತಾನು ಹೊರುವುದಿಲ್ಲ. ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾಗುವುದು ಬೇರೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ನಮಗೇಕೋ ಅದಿನ್ನೂ ಮಗು ಹುಟ್ಟಿದ ಮನೆಗೆ ಕೊಡುವ ಉಡುಗೊರೆ.

ಮಗುವಿಗೆ ಬೇಕಾದದ್ದು ನೆಲ. ಎಚ್ಚರವಿದ್ದಾಗ, ನೀವು ಪಕ್ಕದಲ್ಲಿದ್ದಾಗ, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಮಲಗಿಸಿ. ಮೊದಮೊದಲು ಮುಖ ಕಿವುಚಿ ಅಳುತ್ತದೆ. ಆಮೇಲೆ ಕತ್ತು ನಡುಗಿಸುತ್ತಾ ಎತ್ತಿ, ಎದುರಿಗಿರುವ ನಿಮ್ಮ ಮುಖವನ್ನೊಮ್ಮೆ ನೋಡಿ, ದೊಪ್ಪನೆ ಮೂಗು ಚಾಪೆಗೆ ಒತ್ತಿ, ಮತ್ತೆ ಎತ್ತುತ್ತದೆ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು, ಅದರಲ್ಲಿ ರಾಜಿಯಿಲ್ಲ. ಹೊಸದಾಗಿ ಹುಟ್ಟಿದ ಕೂಸಿಗೆ ಸರಿಯಾಗಿ ಕಾಣುವುದೇ ಸುಮಾರು 20–30 ಸೆಂಟಿಮೀಟರ್ ದೂರದ್ದು, ಎತ್ತಿಕೊಂಡವರ ಮುಖ ಇರುವಷ್ಟು. ಹಾಗಿರುವಾಗ ದುಬಾರಿ ಆಟಿಕೆಗೆ ಅಷ್ಟು ಆತುರ ಯಾಕೆ?

ಹಾಗಂತ "ತಾನಾಗೇ ಬರುತ್ತೆ ಬಿಡಿ" ಎನ್ನುವವರ ಪರವೂ ನಾನಲ್ಲ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಸರೆ ಇಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ ತೋರಿಸಲೇಬೇಕು. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಾ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ ಎಡಚನೋ ಬಲಚನೋ ಎಂದು ನಗುತ್ತಾ ಕೂರುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಲಿತದ್ದನ್ನು ಮಗು ಮರೆಯತೊಡಗಿದರೆ "ಅವರಪ್ಪನೂ ಹೀಗೇ ಇದ್ದ" ಎಂಬ ಸಮಾಧಾನವನ್ನು ಬದಿಗಿಟ್ಟು ಅವತ್ತೇ ಮಕ್ಕಳ ವೈದ್ಯರ ಹತ್ತಿರ ಹೋಗಿ.