ಐಡಿಯಲ್ಲಿ ಚುಕ್ಕೆ ಯಾಕೆ ಇಡುತ್ತೀರಿ?

ಬೇರೆಯವರು ಬರೆದ ವೆಬ್ ಪೇಜ್ ರಿಪೇರಿ ಮಾಡೋದಕ್ಕೆ ನನಗೆ ಬೇಜಾರಿಲ್ಲ. ಆದರೆ ಎಲಿಮೆಂಟಿನ (ಪೇಜಿನ ಒಂದೊಂದು ಭಾಗದ) ಐಡಿಯೊಳಗೆ, ಅಂದರೆ ಅದನ್ನು ಗುರುತಿಸೋ ಹೆಸರಿನೊಳಗೆ, ಚುಕ್ಕೆ, ಕೋಲನ್ ತುರುಕಿ ಕೈ ತೊಳೆದುಕೊಂಡು ಹೋಗುವವರನ್ನು ನೆನೆದರೆ ಮೈ ಉರಿಯುತ್ತದೆ.

ಇಲ್ಲಿ ಕಲಬುರಗಿಯ ಒಬ್ಬ ವ್ಯಾಪಾರಿಗೆ ತೊಗರಿ ಬೆಲೆ ತೋರಿಸುವ ಪೇಜ್. ತಾಲೂಕಿಗೊಂದು ಖಾನೆ. ಒಂದರ ಐಡಿ 'ಸೇಡಂ:ಬೆಲೆ', ಇನ್ನೊಂದರದ್ದು 'ಆಳಂದ.ಬೆಲೆ'. ಕನ್ನಡ ಅಕ್ಷರದಿಂದ ಏನೂ ತೊಂದರೆ ಇಲ್ಲ, ಎಲಿಮೆಂಟ್ ಹುಡುಕೋಕೆ ಬರೆಯುವ ಸೆಲೆಕ್ಟರ್ ಅದನ್ನು ಸುಮ್ನೆ ಒಪ್ಪುತ್ತದೆ. ಇರೋದೆಲ್ಲ ಆ ಚಿಹ್ನೆಗಳ ಕಾಟ. ಕೋಲನ್ ಆದರೂ ವಾಸಿ, ಜಾವಾಸ್ಕ್ರಿಪ್ಟಿನ ಕ್ವೆರಿ ಸೆಲೆಕ್ಟರ್‌ಗೆ ಹಾಗೇ ಕೊಟ್ಟರೆ ತಕ್ಷಣ ಎರರ್ ಬರುತ್ತದೆ, ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಚುಕ್ಕೆ ಹಾಗಲ್ಲ. '#ಆಳಂದ.ಬೆಲೆ' ಅಂದರೆ ಬ್ರೌಸರ್ ಪಾಲಿಗೆ 'ಆಳಂದ' ಅನ್ನೋ ಐಡಿ, 'ಬೆಲೆ' ಅನ್ನೋ ಕ್ಲಾಸ್ (ಗುಂಪಿನ ಹೆಸರು) ಎರಡೂ ಇರುವ ಎಲಿಮೆಂಟ್. ಅಂಥದ್ದು ಪೇಜಿನಲ್ಲಿ ಇಲ್ಲ, ಹಾಗಾಗಿ ನಲ್, ಅಂದರೆ 'ಏನೂ ಸಿಗಲಿಲ್ಲ' ಅಂತ, ಕೊಟ್ಟು ಸುಮ್ಮನಾಗುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಆಳಂದದ ಖಾನೆ ಮಾತ್ರ ಖಾಲಿ. ಅದೂ ಹೊಸ ತೊಗರಿ ಮಾರುಕಟ್ಟೆಗೆ ಬರುವ ಡಿಸೆಂಬರ್‌ನಲ್ಲಿ! ವ್ಯಾಪಾರಿ ಬೈಯೋದು ನನಗೆ. ಬರೆದವನಿಗೆ ಫೋನ್ ಮಾಡಿದರೆ, 'ನಮ್ಮ ಕಡಿ ಎಲ್ಲಾ ಬರೋಬ್ಬರಿ ಅದರಿ' ಅಂತಾನೆ.

ಸರಿ, ಚುಕ್ಕೆಯನ್ನು ಹೆಸರಿನ ಭಾಗವಾಗೇ ಓದಲಿ ಅಂತ ಎಸ್ಕೇಪ್ ಮಾಡೋಣ, ಅಂದರೆ ಅದರ ಮುಂದೊಂದು ಬ್ಯಾಕ್‌ಸ್ಲ್ಯಾಶ್ ಹಾಕೋಣ ಅಂದರೆ ಅದನ್ನು ಜಾವಾಸ್ಕ್ರಿಪ್ಟ್ ಸ್ಟ್ರಿಂಗೇ ನುಂಗಿಬಿಡುತ್ತದೆ, ಸೆಲೆಕ್ಟರ್‌ವರೆಗೆ ತಲುಪೋದೇ ಇಲ್ಲ. ಎರಡು ಹಾಕಬೇಕು: '#ಆಳಂದ\\.ಬೆಲೆ'. ಅದೇ ಪೇಜಿನ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್ ಫೈಲಿನಲ್ಲಾದರೆ ಒಂದೇ ಸಾಕು. ಇನ್ನು '2025ಬೆಲೆ' ಅಂತ ಅಂಕಿಯಿಂದ ಶುರುವಾಗುವ ಐಡಿ ಇದ್ದರೆ ಸಿಎಸ್‌ಎಸ್‌ನಲ್ಲಿ '#\32 025ಬೆಲೆ' ಅಂತ ಬರೆಯಬೇಕು, ನಡುವಿನ ಆ ಖಾಲಿ ಜಾಗ ಇಲ್ಲದಿದ್ದರೆ ಅದು ಬೇರೆ ಯಾವುದೋ ಅಕ್ಷರವಾಗುತ್ತದೆ. ಆರು ತಿಂಗಳ ಮೇಲೆ ಇದನ್ನು ಓದುವವನಿಗೆ ಏನು ಅರ್ಥವಾಗಬೇಕು ಹೇಳಿ?

ದಾರಿ ಇಲ್ಲ ಅಂತಲ್ಲ. ಸ್ಲ್ಯಾಶ್ ತಾನೇ ಹಾಕಿಕೊಡುವ ಸಿಎಸ್‌ಎಸ್ ಡಾಟ್ ಎಸ್ಕೇಪ್ ಬ್ರೌಸರ್‌ನಲ್ಲೇ ಇದೆ. ಜೆಕ್ವೆರಿ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ 2016ರ 3.0 ಆವೃತ್ತಿಯಿಂದ ಎಸ್ಕೇಪ್ ಸೆಲೆಕ್ಟರ್ ಇದೆ. ಗೆಟ್ ಎಲಿಮೆಂಟ್ ಬೈ ಐಡಿ ಬಳಸಿದರೆ ಎಸ್ಕೇಪ್ ಮಾಡೋ ಗೋಜೇ ಇಲ್ಲ. ಇದ್ಯಾವುದನ್ನೂ ಬಳಸದೆ ಪೇಜ್ ತುಂಬ ಕೈಯಾರೆ ಸ್ಲ್ಯಾಶ್ ಚೆಲ್ಲಿ ಹೋಗಿದ್ದಾರೆ, ಅದೂ ಅರ್ಧ ಕಡೆ ಒಂದು, ಅರ್ಧ ಕಡೆ ಎರಡು. 'ಎಚ್‌ಟಿಎಂಎಲ್ ಒಪ್ಪುತ್ತದಲ್ವಾ' ಅಂತ ವಾದ ಬೇರೆ. ಒಪ್ಪುತ್ತದೆ, ಸ್ಪೇಸ್ ಒಂದಿಲ್ಲದಿದ್ದರೆ ಏನು ಬೇಕಾದರೂ ಒಪ್ಪುತ್ತದೆ. ಹಾಗಂತ ಬರೆಯಬೇಕಾ? ಹೈಫನ್ ಇದೆ, ಅಂಡರ್‌ಸ್ಕೋರ್ ಇದೆ, ಎರಡಕ್ಕೂ ಎಸ್ಕೇಪ್ ಬೇಡ. ಅದನ್ನು ಹಾಕೋಕೆ ನಿಮಗೇನ್ರೀ ಕಷ್ಟ?